ಹನ್ನೊಂದನೇ ಕೋಣೆಯ ಲಾಟ್‌ಸಾಹೇಬ

ನಮ್ಮ ಹುಬ್ಬಳ್ಳಿ ಕಡೆ ಯಾರಾದರೂ ಕೂತಲ್ಲಿಂದಲೇ ಹುಕುಂ ಮಾಡತೊಡಗಿದರೆ ‘ಭಾರೀ ಲಾಟ್‌ಸಾಹೇಬ ಬಂದಾನ ನೋಡು’ ಎಂದು ಹಂಗಿಸುತ್ತಾರೆ. ನಾನೂ ಮೊದಲು ಅಣ್ಣನನ್ನು, ಆಮೇಲೆ ಗಂಡನನ್ನು ಹಾಗೆ ಹಂಗಿಸಿದವಳೇ. ನಿಜವಾದ ಲಾಟ್‌ಸಾಹೇಬನೊಬ್ಬನ ಬಾಯಿಗೆ ಚಮಚೆಯಿಂದ ಗಂಜಿ ಹಾಕುವ ದಿನ ಬರುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಅದು 1998. ನಮ್ಮ ಯಜಮಾನರು ಡಾಕ್ಟರ್ ಸೋಮಲಿಂಗಪ್ಪ, ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯರು. ಅವರ ಪಾಳಿಯ ರೋಟಾ ಹೇಗಿತ್ತೆಂದರೆ ನಾನು ಎದ್ದಾಗ ಅವರು ಮಲಗಿರುತ್ತಿದ್ದರು, ಅವರು ಎದ್ದಾಗ ನಾನು ಮಲಗಿರುತ್ತಿದ್ದೆ. ಮಗಳು ನಿವೇದಿತಾ ಲೀಡ್ಸ್‌ಗೆ ಓದಲು ಹೋಗಿದ್ದಳು. ಫೋನ್ ಮಾಡಿ ನಾನು ಕನ್ನಡದಲ್ಲಿ ನಾಲ್ಕು ಮಾತು ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದಕ್ಕೆ ಉತ್ತರ ಕೊಡುತ್ತಿದ್ದಳು. ಸೆಲ್ಲಿ ಓಕ್‌ನ ನಮ್ಮ ಮನೆಯ ಎರಡೂ ಕಡೆ ವಿದ್ಯಾರ್ಥಿಗಳು. ಅವರ ಹಾಡು ಗೋಡೆ ದಾಟಿ ಬರುತ್ತಿತ್ತು, ಅವರು ಮಾತ್ರ ಎಂದೂ ಬಾಗಿಲು ದಾಟಿ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಆರು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ಇಲ್ಲಿ ಅಡಿಗೆಮನೆಯ ಕಪಾಟುಗಳನ್ನು ವಾರಕ್ಕೆರಡು ಸಲ ಖಾಲಿ ಮಾಡಿ ಮತ್ತೆ ತುಂಬುತ್ತಿದ್ದೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಕೆತ್ತಲು ನನಗೆ ಮಗಳೂ ಮನೆಯಲ್ಲಿರಲಿಲ್ಲ.

ಅಂಚೆ ಕಚೇರಿಯ ಕಿಟಕಿಯಲ್ಲಿ ಅಂಟಿಸಿದ್ದ ಕಾರ್ಡು ನೋಡಿ ಹಾರ್ಬರ್ನ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಿದೆ. ಮುದುಕರನ್ನು ಎಬ್ಬಿಸುವುದು, ತೊಳೆಯುವುದು, ಉಣ್ಣಿಸುವುದು. ಯಜಮಾನರಿಗೆ ಸಿಟ್ಟು ಬಂತು.

“ಡಾಕ್ಟರ್ ಹೇಣ್ತಿ ಮುದಕರ ಹಾಸಗಿ ಬದಲ ಮಾಡಾಕ ಹೋಗೂದ? ಮಂದಿ ಏನಂದಾರು?”

“ಮಂದಿ ಎಲ್ಲದಾರ್ರೀ ಇಲ್ಲೆ? ಇದ್ರ ಕರಕೊಂಡ ಬರ್ರಿ, ಚಾ ಮಾಡಿ ಕುಡಸ್ತೀನಿ.”



ಹನ್ನೊಂದನೇ ಕೋಣೆಯಲ್ಲಿದ್ದವರು ಸರ್ ಎಡ್ಗರ್ ಥಾರ್ನ್‌ಲಿ. ವಯಸ್ಸು ಎಂಬತ್ತೈದು. ಮೊದಲು ಸೈನ್ಯದಲ್ಲಿ ಬ್ರಿಗೇಡಿಯರ್. ಎರಡನೇ ಮಹಾಯುದ್ಧದಲ್ಲಿ ಮರುಭೂಮಿಯಲ್ಲಿ ಕಾದಾಡಿ ಎಡಗಾಲಿಗೆ ಗುಂಡು ತಿಂದಿದ್ದರು. ಆಮೇಲೆ ದೂರದ ಸಮುದ್ರದಲ್ಲಿ ಭೂಪಟದ ಮೇಲೆ ಸಾಸಿವೆ ಚೆಲ್ಲಿದಂತಿರುವ ನಾಲ್ಕಾರು ದ್ವೀಪಗಳಿಗೆ ಏಳು ವರ್ಷ ಗವರ್ನರ್, ಅಂದರೆ ಅಸಲೀ ಲಾಟ್‌ಸಾಹೇಬ. ಟೊಪ್ಪಿಗೆಗೆ ಬಿಳಿ ಗರಿ ಸಿಕ್ಕಿಸಿಕೊಂಡು ನಿಂತ ಫೋಟೋ ಮಂಚದ ಪಕ್ಕದಲ್ಲೇ ಇತ್ತು. ಹೆಂಡತಿ ತೀರಿಹೋಗಿದ್ದರು. ಆಸ್ಟ್ರೇಲಿಯಾದಲ್ಲಿದ್ದ ಮಗ ಕ್ರಿಸ್‌ಮಸ್‌ಗೆ ಒಂದು ಕಾರ್ಡು ಕಳಿಸುತ್ತಿದ್ದ. ನಾನು ಅಲ್ಲಿದ್ದ ಹದಿನಾಲ್ಕು ತಿಂಗಳಲ್ಲಿ ಅವರನ್ನು ನೋಡಲು ಬಂದವರೆಂದರೆ ಪಾದ್ರಿ ಒಬ್ಬರು, ಕಾಲಿನ ಉಗುರು ಕತ್ತರಿಸುವ ಹೆಂಗಸು ಒಬ್ಬಳು. ಪಾದ್ರಿಯೂ ಎರಡನೇ ಸಲ ಬರಲಿಲ್ಲ.

ಮೊದಲಿಗೆ ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಹಾಸಿಗೆ ಸರಿ ಮಾಡಿದ ಮೇಲೆ ಹೊದಿಕೆಯ ಅಂಚನ್ನು ಬೆರಳಿನಿಂದ ಅಳೆದು ನೋಡುತ್ತಿದ್ದರು. ಚಹಾ ಎರಡು ನಿಮಿಷ ತಡವಾದರೆ ಗಡಿಯಾರದ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಿದ್ದರು. ನಮ್ಮನ್ನು ಆಳಿದ್ದು ಸಾಕಾಗಲಿಲ್ಲ, ನಿವೃತ್ತಿಯಾದ ಮೇಲೂ ಆಳಬೇಕೇ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಚಳಿಗಾಲದಲ್ಲಿ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಉಣ್ಣಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಎರಡನೇ ಚಮಚೆ ಗಂಜಿ ಹಿಡಿದಿದ್ದೆ. ಅವರು ಮುಖ ತಿರುಗಿಸಿ, ಮೂರು ವರ್ಷದ ಕೂಸಿನ ಹಾಗೆ ತುಟಿ ಮುಂದೆ ಮಾಡಿ, “ಬ್ಯಾಡ” ಎಂದರು.

ನನ್ನ ಕೈಯಲ್ಲಿದ್ದ ಚಮಚೆ ಹಾಗೇ ನಿಂತಿತು. ಬರ್ಮಿಂಗ್‌ಹ್ಯಾಮಿನಲ್ಲಿ ಹನ್ನೆರಡು ವರ್ಷ ಇದ್ದವಳು, ನನ್ನ ಗಂಡನನ್ನು ಬಿಟ್ಟು ಬೇರೆ ಯಾರ ಬಾಯಿಂದಲೂ ಆ ಮಾತನ್ನು ಆ ಧಾಟಿಯಲ್ಲಿ ಕೇಳಿರಲಿಲ್ಲ.

“ಏನಂದ್ರಿ?” ಎಂದೆ. ಕನ್ನಡದಲ್ಲೇ ಕೇಳಿದೆನೆಂಬುದೂ ನನಗೆ ತಿಳಿಯಲಿಲ್ಲ.

ಅವರು ನನ್ನ ಮುಖ ನೋಡಿದರು. “ಬಿಸಿ ಐತಿ,” ಎಂದರು ಮೆಲ್ಲಗೆ.

ಸರ್ ಎಡ್ಗರ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ತಂದೆ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದೊಡ್ಡ ಸಾಹೇಬರು. ಐದೂವರೆ ವರ್ಷದವರಿದ್ದಾಗ ಹಡಗು ಹತ್ತಿಸಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ಅತ್ತೆಯ ಮನೆಗೆ ಕಳಿಸಿದರಂತೆ. ಅಲ್ಲಿಯವರೆಗೆ ಅವರನ್ನು ಸಾಕಿದವಳು ಚನ್ನಮ್ಮ ಎಂಬ ಆಯಾ. ಅವರಲ್ಲಿ ಉಳಿದಿದ್ದ ಕನ್ನಡವೆಲ್ಲ ಅವಳದು, ಹೆಚ್ಚೆಂದರೆ ನಲವತ್ತು ಶಬ್ದ. ಹಾಲು, ಬಿಸಿ, ಬೆಕ್ಕು, ಚಂದಪ್ಪ, ಇಲ್ಲಿ ಬಾ, ಅಳಬ್ಯಾಡ. ಐದು ವರ್ಷಕ್ಕೆ ನಿಂತುಹೋದ ಭಾಷೆ. ದ್ವೀಪಗಳನ್ನು ಆಳಿದ ಮನುಷ್ಯ ಕನ್ನಡದಲ್ಲಿ ಹಸಿವು, ನಿದ್ದೆ ಬಿಟ್ಟರೆ ಬೇರೇನೂ ಹೇಳಲಾರರು.

ಅಂದಿನಿಂದ ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ನಡುವೆ ನಾನೊಂದು ಕನ್ನಡದ ಶಬ್ದ ಹಾಕಿದರೆ ಅವರು ಹುಡುಕಿ ಇನ್ನೊಂದು ತೆಗೆಯುತ್ತಿದ್ದರು. ‘ಗುಬ್ಬಿ’ ನೆನಪಾದ ದಿನ ಮಧ್ಯಾಹ್ನದವರೆಗೂ ಅದನ್ನೇ ಹೇಳುತ್ತಿದ್ದರು. ನನಗೋ, ಕೆಲಸಕ್ಕೆ ಹೋಗುವ ಬಸ್ಸು ಹತ್ತುವಾಗ ಯಾರೋ ನನ್ನನ್ನು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಅನ್ನಿಸಿ ಎಷ್ಟು ವರ್ಷವಾಗಿತ್ತು!

ಮಾರ್ಚ್ ತಿಂಗಳ ಒಂದು ದಿನ ಗಡ್ಡ ಹೆರೆಯುತ್ತಿದ್ದೆ. ಅವರ ಮೂಗಿನ ಬಲ ಹೊಳ್ಳೆಯ ಮೇಲೆ ಸಾಸಿವೆಯಷ್ಟು ಗುಳಿ ಕಂಡಿತು. ಹಳೆಯ ಗಾಯ. ನಾನು ನೋಡುತ್ತಿದ್ದುದನ್ನು ಅವರೂ ನೋಡಿದರು.

“ಅದು ಅವಳು ಮಾಡಿದ್ದು,” ಎಂದರು.

ಅವರು ಹೇಳಿದ್ದಿಷ್ಟು. 1918ರ ಅಕ್ಟೋಬರ್. ಊರಿನಲ್ಲಿ ಇನ್‌ಫ್ಲುಯೆಂಜಾ, ಮನೆಮನೆಯಲ್ಲೂ ಹೆಣ. ಎಡ್ಗರ್‌ಗೆ ಜ್ವರ ಬಂತು. ತಾಯಿಯೂ ಹಾಸಿಗೆ ಹಿಡಿದಿದ್ದಳು, ತಂದೆ ಗುಂತಕಲ್ಲಿನ ಕಡೆ ಹಳಿ ನೋಡಲು ಹೋಗಿದ್ದರು. ಚನ್ನಮ್ಮ ಜ್ವರದಲ್ಲಿ ಕುದಿಯುತ್ತಿದ್ದ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂಗಲೆಯ ಹಿಂದಿನ ಗೇಟಿನಿಂದ ಓಣಿಯೊಂದಕ್ಕೆ ಹೋದಳು. ಇದ್ದಿಲಿನ ವಾಸನೆ, ಕನ್ನಡಕ ಹಾಕಿದ ಅಕ್ಕಸಾಲಿ ಪತ್ತಾರ. ಅವಳು ಹುಡುಗನ ತಲೆಯನ್ನು ಎದೆಗೆ ಒತ್ತಿ ಹಿಡಿದಳು, ಪತ್ತಾರ ಮೂಗು ಚುಚ್ಚಿ ತಾಮ್ರದ ತಂತಿ ಹಾಕಿದ. ಹುಡುಗ ಕಿರುಚಿದ. ಅವಳು ಅಳುತ್ತಿದ್ದಳು, ಆದರೂ ಬಿಡಲಿಲ್ಲ. ಮೂರು ದಿನಕ್ಕೆ ಜ್ವರ ಇಳಿಯಿತು. ನಾಲ್ಕನೇ ದಿನ ತಂದೆ ಬಂದರು.

“ಅಪ್ಪ ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಕೇಳಿದರು. ಅವಳು ನಿನಗೆ ನೋವು ಮಾಡಿದಳೇ ಅಂತ. ನಾನು ಅವಳ ಕಡೆ ಬೆರಳು ಮಾಡಿ ಹೌದು ಅಂದೆ. ಸುಳ್ಳೇನಲ್ಲ, ನೋವಾಗಿತ್ತು. ಅವಳಿಗೆ ಆರು ತಿಂಗಳು ಜೈಲಾಯಿತು.”

ನಾನು ರೇಜರ್ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದೆ.

“ನೀಲಾ, ನನ್ನನ್ನು ಅಷ್ಟು ಪ್ರೀತಿಯಿಂದ ಸಾಕಿದವಳು ಯಾಕೆ ಹಾಗೆ ಮಾಡಿದಳು? ನನ್ನ ಮೇಲೆ ಸಿಟ್ಟಿತ್ತೇ? ನಾನೇನಾದರೂ ತಪ್ಪು ಮಾಡಿದ್ದೆನೇ? ಎಂಬತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ನೀನು ಆ ಊರಿನವಳು, ನಿನಗೆ ಗೊತ್ತಿರಬೇಕು.”

ಗೊತ್ತಿತ್ತು. ಗುಳಿ ಕಂಡ ಕ್ಷಣವೇ ಗೊತ್ತಾಗಿತ್ತು. ನನ್ನ ಅಣ್ಣ ಪಂಚಾಕ್ಷರಿಯ ಬಲ ಮೂಗಿನಲ್ಲೂ ಅಂಥದೇ ಗುಳಿ ಇದೆ. ಅವನಿಗಿಂತ ಮೊದಲು ನಮ್ಮವ್ವನಿಗೆ ಹುಟ್ಟಿದ ಮೂವರು ಉಳಿಯಲಿಲ್ಲ. ಅವನು ಹುಟ್ಟಿದಾಗ ಮೂಗು ಚುಚ್ಚಿ, ಎದುರು ಮನೆಯ ಗಂಗವ್ವನಿಗೆ ಒಂದು ಸೇರು ತೌಡಿಗೆ ‘ಮಾರಿ’ದರು. ಸಾವು ಮನೆ ಹುಡುಕಿಕೊಂಡು ಬಂದರೆ, ಈ ಕೂಸು ಈ ಮನೆಯದಲ್ಲ, ಊನವಾದದ್ದು, ಯಾರಿಗೋ ಮಾರಿಹೋದದ್ದು ಎಂದು ತಿಳಿದು ಹಿಂದಿರುಗಲಿ ಎಂದು. ಕೊಂಡವಳೇ ಅಂದಿನಿಂದ ತಾಯಿ. ಪ್ರತಿ ವರ್ಷ ನಾಗರಪಂಚಮಿಗೆ ಅಣ್ಣ ಮೊದಲ ಉಂಡಿಯನ್ನು ಗಂಗವ್ವನಿಗೆ ಕೊಟ್ಟೇ ತಾನು ತಿನ್ನುತ್ತಿದ್ದ. ಚನ್ನಮ್ಮನೂ ಅದನ್ನೇ ಮಾಡಿದ್ದಳು, ಮೂಗು ಚುಚ್ಚಿಸಿ ಈ ಕೂಸು ಬಂಗಲೆಯದಲ್ಲ, ತನ್ನದು ಎಂದು ಸಾವಿಗೆ ತೋರಿಸಿದ್ದಳು. ಹುಟ್ಟಿದಾಗಲೇ ಆಗಬೇಕಾದ ಕೆಲಸ, ಸಾಹೇಬರ ಮನೆಯಲ್ಲಿ ಧೈರ್ಯ ಬಂದಿರಲಿಕ್ಕಿಲ್ಲ. ಸಾವು ಹೊಸ್ತಿಲಿಗೆ ಬಂದಾಗ ಧೈರ್ಯ ಮಾಡಿದಳು.

ಇದನ್ನು ಹೇಳಿದರೆ ಅವರಿಗೆ ಏನು ಉಳಿಯುತ್ತದೆ? ತನ್ನ ಜೀವ ಉಳಿಸಿದವಳನ್ನು ತಾನೇ ಬೆರಳು ತೋರಿಸಿ ಜೈಲಿಗೆ ಕಳಿಸಿದೆ ಎಂಬುದೊಂದೇ.

“ನನಗೆ ಗೊತ್ತಿಲ್ಲ, ಸರ್,” ಎಂದೆ.

ಅವರು ನಂಬಲಿಲ್ಲ. ಎಷ್ಟೋ ಜನರ ಹೇಳಿಕೆ ಕೇಳಿದವರು, ಸುಳ್ಳಿನ ವಾಸನೆ ಹತ್ತದೇ ಇರುತ್ತದೆಯೇ. ಆದರೆ ಒತ್ತಾಯ ಮಾಡಲಿಲ್ಲ. ಬದಲಿಗೆ ಇನ್ನೊಂದು ಮಾತು ಹೇಳಿದರು. ಅವರು ಗವರ್ನರ್ ಆಗಿದ್ದಾಗ ಒಂದು ದ್ವೀಪದ ಮುದುಕಿ, ಜ್ವರ ಇಳಿಸಲೆಂದು ಮೊಮ್ಮಗುವಿನ ಹಣೆಯನ್ನು ಕಪ್ಪೆಚಿಪ್ಪಿನಿಂದ ಕೊಯ್ದಿದ್ದಳು. ಮಗು ಸತ್ತಿತು, ಅವಳಿಗೆ ಏಳು ವರ್ಷ ಶಿಕ್ಷೆಯಾಯಿತು. ಕ್ಷಮಾದಾನದ ಅರ್ಜಿ ಇವರ ಮೇಜಿಗೆ ಬಂತು.

“ಸಹಿ ಮಾಡಲು ಲೇಖನಿ ಎತ್ತಿದಾಗ ಚನ್ನಮ್ಮ ನೆನಪಾದಳು,” ಎಂದರು. “ಅದಕ್ಕೇ ಸಹಿ ಮಾಡಲಿಲ್ಲ.”

ಆ ರವಿವಾರ ಯಜಮಾನರು ಮನೆಯಲ್ಲಿದ್ದರು. ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ.

“ಹೇಳಬ್ಯಾಡ,” ಎಂದರು. “ಇನ್ನ ಎಷ್ಟ ದಿನ ಇರ್ತಾನ ಆ ಮುದಕ? ಸುಮ್ನ ಹೋಗ್ಲಿ. ನಾ ದಿನಾ ಮಾಡೂದ ಅದ, ನೋವ ಗೊತ್ತಾಗಲಾರದಂಗ ಮಲಗಿಸೂದು.”

“ಅವರು ಮಲಗಬೇಕಂತಿಲ್ರೀ. ಕೇಳ್ಬೇಕಂತಾರ.”

“ಕೇಳಿದ ಮ್ಯಾಲ ಏನ್ ಮಾಡ್ತಾನ? ಆಕಿ ಸತ್ತ ಎಷ್ಟ ವರ್ಷ ಆತೋ!”

ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಎರಡು ತಿಂಗಳು ಬಾಯಿ ಬಿಗಿಹಿಡಿದೆ. ಆದರೆ ಸರ್ ಎಡ್ಗರ್ ದಿನದಿಂದ ದಿನಕ್ಕೆ ಸವೆಯುತ್ತಿದ್ದರು. ಪೇಪರ್ ಓದುವುದು ಬಿಟ್ಟರು. ಹೊದಿಕೆಯ ಅಂಚು ಅಳೆಯುವುದನ್ನೂ ಬಿಟ್ಟರು. ನಾನು ಒಳಗೆ ಬಂದಾಗಲೆಲ್ಲ ಕಣ್ಣಿನಲ್ಲೇ ಅದೊಂದು ಪ್ರಶ್ನೆ ಕೇಳುತ್ತಿದ್ದರು, ನಾನು ತಲೆದಿಂಬು ಸರಿಮಾಡಿ ಹೊರಬೀಳುತ್ತಿದ್ದೆ. ನಮ್ಮಿಬ್ಬರ ನಡುವಿದ್ದ ನಲವತ್ತು ಶಬ್ದಗಳೂ ನಿಂತುಹೋದವು. ಮತ್ತೆ ಇಬ್ಬರೂ ಮೊದಲಿನ ಹಾಗೆ ಒಂಟಿಯಾದೆವು, ಒಂದೇ ಕೋಣೆಯಲ್ಲಿ.

ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಅವರು ನನ್ನ ಮುಂಗೈ ಹಿಡಿದುಕೊಂಡರು. “ಹೇಳು,” ಎಂದರು ಕನ್ನಡದಲ್ಲಿ.

ಕುರ್ಚಿ ಎಳೆದುಕೊಂಡು ಕೂತೆ. “ಸರ್, ನಿಮಗಿಂತ ಮೊದಲು ನಿಮ್ಮ ತಾಯಿಗೆ ಮಕ್ಕಳಿದ್ದರೇ?”

“ಇಬ್ಬರು. ಆರ್ಥರ್ ಮತ್ತು ರೋಸ್. ವರ್ಷ ತುಂಬುವ ಮೊದಲೇ ಹೋದರು. ಇಬ್ಬರ ಗೋರಿಯೂ ಅಲ್ಲೇ ಇದೆ.”

ಹೇಳಿದೆ. ಅಣ್ಣನ ಮೂಗು, ಗಂಗವ್ವ, ಒಂದು ಸೇರು ತೌಡು, ಎಲ್ಲವನ್ನೂ. ಸಿಟ್ಟಿನಿಂದ ಮಾಡಿದ್ದಲ್ಲ, ನಿಮ್ಮನ್ನು ಬದುಕಿಸಿಕೊಳ್ಳಲು ಮಾಡಿದ್ದು ಎಂದೆ. ಸಾಹೇಬರ ಮಗನ ಮೂಗು ಚುಚ್ಚಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿದ್ದಿರಲೇಬೇಕು, ಗೊತ್ತಿದ್ದೇ ಮಾಡಿದಳು ಎಂದೆ.

“ಹಾಗಾದರೆ ನಿಮ್ಮವರ ಲೆಕ್ಕದಲ್ಲಿ ನಾನು ಅವಳ ಮಗ.”

“ಹೌದು, ಸರ್.”

ಅವರು ಅಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ತಿಂಗಳುಗಳನ್ನು ಎಣಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

“ನವೆಂಬರ್‌ನಲ್ಲಿ ಅವಳನ್ನು ಕರೆದುಕೊಂಡು ಹೋದರು,” ಎಂದರು. “ಮೇ ತಿಂಗಳಲ್ಲಿ ಬಿಟ್ಟಿರುತ್ತಾರೆ. ನನ್ನನ್ನು ಹಡಗು ಹತ್ತಿಸಿದ್ದು ಮಾರ್ಚ್‌ನಲ್ಲಿ.” ಆಮೇಲೆ ಕೇಳಿದರು. “ಜೈಲಿನಿಂದ ನೇರವಾಗಿ ಬಂಗಲೆಗೆ ಬಂದಿರುತ್ತಾಳೆ, ಅಲ್ಲವೇ?”

ಇಲ್ಲ ಎನ್ನಬಹುದಿತ್ತು. ತವರಿಗೆ ಹೋಗಿರುತ್ತಾಳೆ ಬಿಡಿ ಎನ್ನಬಹುದಿತ್ತು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

“ಬಂದಿರ್ತಾಳ್ರೀ,” ಎಂದೆ.

ಆಗ ಅವರು ಎಡಗೈ ಎತ್ತಿ ಆ ಗುಳಿಯನ್ನು ಉಗುರಿನಿಂದ ಒತ್ತಿಕೊಂಡರು. ಒಳಗೆ ಏನನ್ನೋ ಹುಡುಕುವವರ ಹಾಗೆ ಒತ್ತಿದರು, ಕೆರೆದರು. ರಕ್ತ ಹೆಪ್ಪುಗಟ್ಟದ ಹಾಗೆ ಔಷಧ ತೆಗೆದುಕೊಳ್ಳುತ್ತಿದ್ದ ದೇಹ, ಕಾಗದದಂಥ ಚರ್ಮ. ಗಲ್ಲದವರೆಗೂ ರಕ್ತ ಇಳಿಯಿತು. ನಾನು ಒಂದು ಕೈಯಿಂದ ಅವರ ಕೈ ಹಿಡಿದು, ಇನ್ನೊಂದು ಕೈಯಿಂದ ಅವರ ತಲೆಯನ್ನು ನನ್ನ ಎದೆಗೆ ಒತ್ತಿಕೊಂಡು, ಟಿಶ್ಯೂವಿನಿಂದ ಮೂಗು ಅದುಮಿದೆ. ಅವರು ಕಿರುಚಿದರು. ಬಾಗಿಲು ತೆಗೆದ ನರ್ಸ್ ನೋಡಿದ್ದು ಅದನ್ನು.

ಮರುದಿನ ಹನ್ನೊಂದನೇ ಕೋಣೆಯಲ್ಲೇ ವಿಚಾರಣೆ. ಹೋಮಿನ ಮುಖ್ಯಸ್ಥೆ ಮೇಟ್ರನ್ ಬಂದರು, ನಗರದ ಕೌನ್ಸಿಲ್ಲಿನಿಂದ ಫಾರ್ಮು ಹಿಡಿದ ಹೆಂಗಸೊಬ್ಬಳು ಬಂದಳು. ಆ ನರ್ಸ್ ಕೆಟ್ಟವಳಲ್ಲ, ಕಂಡದ್ದನ್ನು ಹೇಳಿದ್ದಳು. ಮುದುಕರ ಮೈಮೇಲೆ ಕೈ ಮಾಡಿದವಳು ಎಂದು ಒಮ್ಮೆ ಬರೆದರೆ ಈ ದೇಶದಲ್ಲಿ ಮತ್ತೆ ಯಾವ ನರ್ಸಿಂಗ್ ಹೋಮಿನ ಬಾಗಿಲೂ ತೆರೆಯುವುದಿಲ್ಲ. ಮತ್ತೆ ಸೆಲ್ಲಿ ಓಕ್‌ನ ಆ ಕಪಾಟುಗಳೇ ಗತಿ. ನನಗೆ ಭಯವಾಗಿತ್ತು. ನಡೆದದ್ದನ್ನು ವಿವರಿಸಿದೆ. ಮೂಗು, ತೌಡು, ಸಾವು ಎಂದು ನನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಕೇಳಿದಾಗ ಹುಚ್ಚಿಯ ಮಾತಿನ ಹಾಗಿತ್ತು.

ಮೇಟ್ರನ್ ಮಂಚದ ಕಡೆ ಬಾಗಿ, ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು. “ಸರ್ ಎಡ್ಗರ್, ಇವಳು ನಿಮಗೆ ನೋವು ಮಾಡಿದಳೇ?”

ಅವರ ಮೂಗಿನ ಮೇಲೆ ಬಿಳಿ ಪಟ್ಟಿ ಇತ್ತು. ಮೇಟ್ರನ್ ಕಡೆ ನೋಡಿದರು, ಫಾರ್ಮಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಎಡಗೈ ಹೊದಿಕೆಯ ಮೇಲೆ ಅಲುಗಿತು. ಬೆರಳು ಎತ್ತುತ್ತಾರೆಂದೇ ನಾನು ಅಂದುಕೊಂಡೆ. ಎತ್ತಲಿಲ್ಲ. ಎದ್ದು ಕೂರಲು ಹೆಣಗಿದರು, ದಿಂಬಿಗೆ ಮೊಣಕೈ ಕೊಟ್ಟು ಅರ್ಧ ಎದ್ದರು.

“ಇಲ್ಲ,” ಎಂದರು. “ಆಕಿ ಏನೂ ಮಾಡಿಲ್ಲ. ಆಕಿನ್ನ ಕಳಸಬ್ಯಾಡ್ರಿ.”

ಅಷ್ಟುದ್ದದ ಕನ್ನಡವನ್ನು ಅವರ ಬಾಯಿಂದ ಎಂದೂ ಕೇಳಿರಲಿಲ್ಲ. ‘ಕಳಸಬ್ಯಾಡ್ರಿ’ ಎಂಬ ಕೊನೆಯ ಮಾತು ಅವರ ನಲವತ್ತು ಶಬ್ದಗಳಲ್ಲಿರಲಿಲ್ಲ. ಅದು ಮಗುವಿಗೆ ಆಡುವ ಮಾತಲ್ಲ, ಸಾಹೇಬರ ಮುಂದೆ ಕೈಮುಗಿದು ಆಡುವ ಮಾತು. ಅಂದು ಆ ಮೇಜಿನ ಮುಂದೆ ಚನ್ನಮ್ಮ ಆಡಿದ್ದು ಹುಡುಗನ ಕಿವಿಯಲ್ಲಿ ಉಳಿದಿರಬೇಕು.

“ಏನು ಹೇಳಿದರು?” ಎಂದರು ಮೇಟ್ರನ್.

ಹೇಳಿದೆ. ಮೇಟ್ರನ್ ಫಾರ್ಮಿನ ಹೆಂಗಸಿನ ಮುಖ ನೋಡಿದರು. ಅವಳು ಕೆಟ್ಟದ್ದಾಗಿ ಏನೂ ಅನ್ನಲಿಲ್ಲ. ಆಪಾದನೆ ಹೊತ್ತವಳೇ ಅನುವಾದ ಮಾಡಿದರೆ ಬರೆದುಕೊಳ್ಳಲು ಬರುವುದಿಲ್ಲ ಎಂದಳು. ಚೀಲದಿಂದ ಪಟ್ಟಿ ತೆಗೆದು ಬೆರಳಾಡಿಸಿದಳು. ಪಂಜಾಬಿ ಇತ್ತು, ಉರ್ದು ಇತ್ತು, ಬಂಗಾಳಿ ಇತ್ತು, ಲೆಸ್ಟರಿನಿಂದ ಬರುವ ಗುಜರಾತಿ ದುಭಾಷಿಗಳೇ ನಾಲ್ವರಿದ್ದರು. ನಮ್ಮ ಭಾಷೆ ಅದರಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿ ಸರ್, ಒಂದೇ ಒಂದು ಸಲ, ಎಂದು ನಾನು ಬೇಡಿಕೊಂಡೆ. ಅವರು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರು ಉತ್ತರ ಕೊಡುತ್ತಿದ್ದುದು ನಮಗ್ಯಾರಿಗೂ ಅಲ್ಲ.

ಹೆಂಗಸು ಬರೆದಳು. ತಲೆಕೆಳಗಾಗಿಯೂ ನನಗೆ ಓದಲು ಬಂತು: ‘ನಿವಾಸಿಯಿಂದ ಅರ್ಥವಾಗುವ ಉತ್ತರ ಬರಲಿಲ್ಲ.’ ಮುಂದಿನ ತೀರ್ಮಾನದವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಮೇಟ್ರನ್ ಮೆತ್ತಗೆ ಹೇಳಿದರು. ಮೊಳೆಗೆ ನೇತುಹಾಕಿದ್ದ ಕೋಟು ತೆಗೆದುಕೊಂಡು ಹೊರಟೆ. ಮೆಟ್ಟಿಲ ತನಕ ಬಂದರೂ ಅವರ ದನಿ ಕೇಳುತ್ತಲೇ ಇತ್ತು. ಅದೇ ಮಾತನ್ನು ಮತ್ತೆ ಹೇಳುತ್ತಿದ್ದರು, ಈ ಸಲ ಇನ್ನೂ ಗಟ್ಟಿಯಾಗಿ.